ಸಂನ್ಯಾಸಿಯ ದೂರದರ್ಶಕ: ಮನೆಯಲ್ಲಿಯೇ ಮಾಡಬಹುದಾದ ಸುಧಾರಣೆಗಳು

ದೊಡ್ಡ ದೂರದರ್ಶಕವೆಂದರೆ ವೇಧಶಾಲೆಯಲ್ಲಿರತಕ್ಕದ್ದು, ಅದು ವಿದ್ವಾಂಸರ ಸೊತ್ತು ಎಂಬ ಭಾವನೆ ಬಹುಕಾಲ ಎಲ್ಲೆಡೆಯೂ ಬೇರೂರಿತ್ತು. ಅದನ್ನು ಕಿತ್ತುಹಾಕಿದವರಲ್ಲಿ ಜಾನ್ ಡಾಬ್ಸನ್ ಅಗ್ರಗಣ್ಯರು. ಇವರು ಯಾವ ವೇಧಶಾಲೆಯ ಅಧಿಕಾರಿಯೂ ಆಗಿರಲಿಲ್ಲ, ಮಠವೊಂದರ ಸಂನ್ಯಾಸಿಯಾಗಿದ್ದರು. 1915ರಲ್ಲಿ ಚೀನದ ಪೀಕಿಂಗ್ ನಗರದಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಬಂದು, ಬರ್ಕ್ಲಿಯಲ್ಲಿ ರಸಾಯನಶಾಸ್ತ್ರವನ್ನು ಓದಿದ ಅವರು 1944ರಲ್ಲಿ ಆ ನಗರದ ವೇದಾಂತ ಸೊಸೈಟಿಯ ಮಠವನ್ನು ಸೇರಿದರು. 1900ರಲ್ಲಿ ಸ್ವಾಮಿ ವಿವೇಕಾನಂದರು ಸ್ಥಾಪಿಸಿದ ಸಂಸ್ಥೆಯದು. ಖಗೋಳ ವಿಜ್ಞಾನದ ನಿರ್ಣಯಗಳನ್ನು ವೇದಾಂತದ ಬೋಧೆಯೊಡನೆ ಹೊಂದಿಸಿ ನೋಡುವ ಕೆಲಸವು ಡಾಬ್ಸನ್‌ರ ಪಾಲಿಗೆ ಬಂದಿತು. ಪುಸ್ತಕ ಓದಿದರೆ ಸಾಲದು, ಕಣ್ಣಾರೆ ನೋಡಬೇಕು ಎಂದು ಅವರಿಗನ್ನಿಸಿತು. ಹೀಗೆ ಕೆಲಸವು ಕೈಗೆ ಇಳಿಯಿತು.

ಕೈಯಲ್ಲಿ ಹಣವಿರಲಿಲ್ಲ. ಹಳೆಯ ಹಡಗುಗಳ ಕಿಟಕಿಯ ದಪ್ಪ ಗಾಜನ್ನು ತಂದು, ತಾವೇ ಉಜ್ಜಿ ನುಣುಪುಮಾಡಿ, 12 ಅಂಗುಲದ ದರ್ಪಣವೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಕಂಡ ಅರ್ಧಚಂದ್ರನ ಕುಳಿಗಳೂ ಬೆಟ್ಟಗಳೂ ಅವರನ್ನು ಬೆರಗುಗೊಳಿಸಿದವು. ಈ ನೋಟ ಎಲ್ಲರಿಗೂ ದೊರೆಯಬೇಕೆಂಬ ನಿಶ್ಚಯ ಆಗಲೇ ಮೂಡಿತೆನ್ನುತ್ತಾರೆ. 1958ರಲ್ಲಿ ಸ್ಯಾಕ್ರಮೆಂಟೊ ನಗರದ ಮಠಕ್ಕೆ ಅವರ ವರ್ಗವಾಯಿತು. ಅಲ್ಲಿ ಸಂಜೆ ಹೊತ್ತು ದೂರದರ್ಶಕವನ್ನು ಚಕ್ರದ ಮೇಲೆ ತಳ್ಳಿಕೊಂಡು ಹೊರಗೆ ಬರುವರು. ನೆರೆಹೊರೆಯ ಮಕ್ಕಳು ಮುತ್ತಿಕೊಳ್ಳುವರು. ಮಠದ ಹಿರಿಯರಿಗೆ ಇದು ಸಂನ್ಯಾಸಧರ್ಮಕ್ಕೆ ಹೊರತಾದುದೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಹೊರಗಿನ ಸ್ನೇಹಿತರಿಗೆ ಬರೆಯುವ ಕಾಗದಗಳಲ್ಲಿ ಡಾಬ್ಸನ್‌ರು ದೂರದರ್ಶಕವನ್ನು ‘ಜೆರೇನಿಯಂ’ ಎಂಬ ಹೂಗಿಡದ ಹೆಸರಿನಿಂದ ಕರೆಯುತ್ತಿದ್ದರು. ಕುಂಡದಲ್ಲಿ ನೆಟ್ಟ ಗಿಡವೆಂದರೆ ಕೊಳವೆಯಲ್ಲಿ ಕೂರಿಸಿ ಪೀಠಕ್ಕೇರಿಸಿದ ದೂರದರ್ಶಕ. ಹೂ ಬಿಟ್ಟ ಗಿಡವೆಂದರೆ ದರ್ಪಣಕ್ಕೆ ಅಲ್ಯೂಮಿನಿಯಂ ಲೇಪನವಾಗಿದೆಯೆಂದು ಅರ್ಥ! ಕೊನೆಗೆ 1967ರಲ್ಲಿ, 23 ವರ್ಷಗಳ ಆಶ್ರಮವಾಸದ ಬಳಿಕ, ಅವರು ಮಠವನ್ನು ಬಿಡಬೇಕಾಯಿತು.

ಮಠವನ್ನು ಬಿಟ್ಟರೂ ವ್ರತವನ್ನು ಬಿಡಲಿಲ್ಲ. ಸಾನ್ ಫ್ರಾನ್ಸಿಸ್ಕೋದ ಬೀದಿಯ ಮೂಲೆಯಲ್ಲಿ ದೂರದರ್ಶಕವನ್ನಿಟ್ಟು, ಹೋಗಿಬರುವವರನ್ನೆಲ್ಲ ಕರೆದು ಚಂದ್ರನನ್ನೂ ಶನಿಯನ್ನೂ ತೋರಿಸತೊಡಗಿದರು. ಅವರಿಂದ ಕಲಿತು 12 ಅಂಗುಲದ ಯಂತ್ರವನ್ನು ಕಟ್ಟಿದ ಬಾಲಕನೊಬ್ಬನಿಗೆ, ವಯಸ್ಸು ಸಾಲದೆಂಬ ಕಾರಣದಿಂದ, ಊರಿನ ಖಗೋಳ ಸಂಘದಲ್ಲಿ ಸದಸ್ಯತ್ವ ದೊರೆಯಲಿಲ್ಲ. ಆಗ, 1968ರಲ್ಲಿ, ‘ಪಾದಚಾರಿ ಮಾರ್ಗದ ಖಗೋಳಜ್ಞರು’ ಎಂಬ ಅರ್ಥದ ಹೆಸರಿನ ಬೇರೊಂದು ಸಂಘವೇ ಹುಟ್ಟಿತು. 2014ರಲ್ಲಿ, 98ನೆಯ ವಯಸ್ಸಿನಲ್ಲಿ, ಡಾಬ್ಸನ್‌ರು ತೀರಿಕೊಂಡರು. ತಮ್ಮ ರಚನೆಗೆ ಅವರು ಹಕ್ಕುಸ್ವಾಮ್ಯ ಪಡೆಯಲಿಲ್ಲ. ಹಿಂದಿನ ಕಾಲದ ಫಿರಂಗಿಗಳ ಪೀಠವೂ ಇಂತಹುದೇ ಆಗಿತ್ತು, ಇದರಲ್ಲಿ ತನ್ನದೇನಿದೆ ಎಂಬುದು ಅವರ ಧೋರಣೆ. ಕಾಯಕ, ದಾಸೋಹಗಳ ಪರಿಸರದಲ್ಲಿ ಬೆಳೆದವರಿಗೆ ಈ ಧೋರಣೆ ಅಪರಿಚಿತವೆನಿಸಲಾರದು.

ಯಂತ್ರದ ರಚನೆ ಸರಳವಾದುದು. ಕೊಳವೆಯ ತಳದಲ್ಲಿ ನಿಮ್ನದರ್ಪಣ, ಬಾಯಿಯ ಬಳಿ ಓರೆಯಾಗಿ ನಿಂತ ಚಿಕ್ಕ ಸಮತಲ ದರ್ಪಣ, ಪಕ್ಕದಲ್ಲಿ ನೇತ್ರಮಸೂರ. ಇಷ್ಟು 1668ರಲ್ಲಿ ನ್ಯೂಟನ್ನನು ರಚಿಸಿದ ದೂರದರ್ಶಕವೇ. ಡಾಬ್ಸನ್‌ರ ಕೊಡುಗೆಯಿರುವುದು ಪೀಠದಲ್ಲಿ. ಪ್ಲೈವುಡ್ಡಿನ ಪೆಟ್ಟಿಗೆಯೊಂದು ಬುಡದ ಹಲಗೆಯ ಮೇಲೆ ಎಡಬಲಕ್ಕೆ ತಿರುಗುತ್ತದೆ. ಪೆಟ್ಟಿಗೆಯ ತೋಡುಗಳಲ್ಲಿ ಕುಳಿತ ಕೊಳವೆ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ. ತಿರುಗುವ ಎಡೆಗಳಲ್ಲೆಲ್ಲ ಟೆಫ್ಲಾನಿನ ತುಂಡುಗಳು. ಇಂದು ಇಂತಹ ದೂರದರ್ಶಕಗಳು ಸಿದ್ಧವಾಗಿಯೇ ಮಾರಾಟಕ್ಕೆ ದೊರೆಯುತ್ತವೆ. ಆದರೆ ಕೊಂಡು ತಂದ ಯಂತ್ರವು ಕೆಲವೇ ತಿಂಗಳಲ್ಲಿ ಬೀರುವಿನ ಪಕ್ಕಕ್ಕೆ ಸರಿದು ಧೂಳು ಹಿಡಿಯುವುದೂ ಉಂಟು. ‘ಏನೂ ಸ್ಪಷ್ಟವಾಗಿ ಕಾಣುವುದಿಲ್ಲ’ ಎಂಬುದೇ ದೂರು. ದರ್ಪಣ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಮಾಡಬೇಕಾದುದು ಬಹಳವಿದೆ. ಅದರಲ್ಲಿ ಹೆಚ್ಚಿನದಕ್ಕೆ ಖರ್ಚೂ ಇಲ್ಲ.

ಮೊದಲನೆಯದು ಎರಡು ದರ್ಪಣಗಳ ಅಕ್ಷವನ್ನು ಹೊಂದಿಸುವುದು. ನಿಮ್ನದರ್ಪಣವು ಪರವಲಯಾಕಾರದ್ದಾದುದರಿಂದ, ಅಕ್ಷದಿಂದ ದೂರ ಸರಿದಂತೆ ನಕ್ಷತ್ರಬಿಂಬಕ್ಕೆ ಧೂಮಕೇತುವಿನಂತಹ ಬಾಲ ಮೂಡುತ್ತದೆ. ಬಿಂಬವು ನಿರ್ದೋಷವಾಗಿರುವ ವಲಯದ ವ್ಯಾಸವು, ಸಂಗಮದೂರವನ್ನು ದರ್ಪಣದ ವ್ಯಾಸದಿಂದ ಭಾಗಿಸಿ ಬರುವ ಸಂಖ್ಯೆಯ ಘನಕ್ಕೆ ಅನುಗುಣವಾಗಿರುತ್ತದೆ. ಆ ಸಂಖ್ಯೆ 8 ಆಗಿದ್ದರೆ ವಲಯವು ಸುಮಾರು 11 ಮಿಲಿಮೀಟರ್. 5 ಆಗಿದ್ದರೆ 3 ಮಿಲಿಮೀಟರಿಗೂ ಕಡಿಮೆ. ಈಗ ಮಾರುವ 200 ಮಿಲಿಮೀಟರ್ ವ್ಯಾಸದ, ಒಂದು ಮೀಟರ್ ಸಂಗಮದೂರದ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ದರ್ಪಣದ ಹಿಂದೆ, ಮಧ್ಯದಿಂದ 80 ಮಿಲಿಮೀಟರ್ ದೂರದಲ್ಲಿ ಮೂರು ತಿರುಪುಗಳಿದ್ದು, ತಿರುಪಿನ ಒಂದು ಸುತ್ತಿಗೆ ಒಂದು ಮಿಲಿಮೀಟರ್ ಚಲನೆಯಿದೆಯೆನ್ನೋಣ. ಕಾಲು ಸುತ್ತು ತಿರುಗಿಸಿದರೆ ಅಕ್ಷವು ನೇತ್ರಮಸೂರದ ಬಳಿ ಎರಡು ಮಿಲಿಮೀಟರ್ ಸರಿಯುತ್ತದೆ. ನಿರ್ದೋಷ ವಲಯದಿಂದ ಹೊರಬೀಳಲು ಅಷ್ಟೇ ಸಾಕು. ಗಾಡಿಯಲ್ಲಿ ಸಾಗಿಸುವಾಗಿನ ಒಂದೆರಡು ಕುಲುಕಾಟವೂ ಅದನ್ನು ಮಾಡಬಲ್ಲದು.

ಹೊಂದಿಸುವ ವಿಧಾನ ಹೀಗಿದೆ. ದರ್ಪಣದ ನಟ್ಟನಡುವೆ, ತೂತಿನ ಕಾಗದಗಳಿಗೆ ಅಂಟಿಸುವ ಚಿಕ್ಕ ಉಂಗುರವೊಂದನ್ನು ಅಂಟಿಸಬೇಕು. ಆ ಭಾಗವು ಹೇಗೂ ಚಿಕ್ಕ ದರ್ಪಣದ ನೆರಳಿನಲ್ಲಿರುವುದರಿಂದ ನಷ್ಟವಿಲ್ಲ. ಹಳೆಯ ಕ್ಯಾಮೆರಾ ಫಿಲ್ಮಿನ ಡಬ್ಬಿಯ ತಳವನ್ನು ಕತ್ತರಿಸಿ, ಮುಚ್ಚಳದ ಮಧ್ಯದಲ್ಲಿ ಸಣ್ಣ ರಂಧ್ರ ಕೊರೆದರೆ ಅದು ನೇತ್ರಮಸೂರದ ಜಾಗದಲ್ಲಿ ಕುಳಿತು ಇಣುಕುಕಂಡಿಯಾಗುತ್ತದೆ. ಅದರೊಳಗಿಂದ ನೋಡುತ್ತ, ಮೊದಲು ಚಿಕ್ಕ ದರ್ಪಣವನ್ನು ಕಂಡಿಯ ನೇರಕ್ಕೆ ತರಬೇಕು. ಆಮೇಲೆ ಅದರ ಓರೆಯನ್ನು ತಿದ್ದಿ, ದೊಡ್ಡ ದರ್ಪಣದ ಉಂಗುರವು ಮಧ್ಯದಲ್ಲಿ ಕಾಣುವಂತೆ ಮಾಡಬೇಕು. ಕಡೆಗೆ ದೊಡ್ಡ ದರ್ಪಣದ ತಿರುಪುಗಳನ್ನು ತಿರುಗಿಸಿ, ಕಂಡಿಯ ಪ್ರತಿಬಿಂಬವನ್ನು ಉಂಗುರದ ನಡುವೆ ಕೂರಿಸಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಿದವರು ಗಂಟೆಗಟ್ಟಲೆ ತಿರುಪಿನೊಡನೆ ಗುದ್ದಾಡುತ್ತಾರೆ. ತಿರುಪುಗಳ ಹಿಂದಿನ ಸ್ಪ್ರಿಂಗುಗಳು ಮೆತುವಾಗಿದ್ದರೆ ಹೊಂದಿಸಿದ್ದು ನಿಲ್ಲುವುದಿಲ್ಲ. ಗಡುಸಾದ ಸ್ಪ್ರಿಂಗುಗಳನ್ನು ಹಾಕುವುದು ಅತ್ಯಂತ ಅಗ್ಗದ, ಅತ್ಯಂತ ಫಲಪ್ರದವಾದ ಸುಧಾರಣೆ.

ದರ್ಪಣವನ್ನು ಹಿಡಿದಿರುವ ಕೊಕ್ಕೆಗಳ ಕಡೆಗೂ ಗಮನ ಬೇಕು. ಜಾರೀತೆಂಬ ಭಯದಿಂದ ಅವನ್ನು ಬಿಗಿದರೆ ಗಾಜು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ನಕ್ಷತ್ರವು ತ್ರಿಕೋಣಾಕಾರವಾಗಿ ತೋರುತ್ತದೆ. ಕೊಕ್ಕೆಗೂ ಗಾಜಿಗೂ ನಡುವೆ ಕಾಗದದ ಹಾಳೆಯೊಂದು ನುಸುಳುವಷ್ಟು ಎಡೆಯಿರಬೇಕು. 200 ಮಿಲಿಮೀಟರಿನವರೆಗಿನ ದಪ್ಪ ದರ್ಪಣಕ್ಕೆ ಕೆಳಗಿನಿಂದ ಮೂರು ಆಧಾರಬಿಂದುಗಳು ಸಾಕು. 300 ಮಿಲಿಮೀಟರಿನದಕ್ಕೆ ಒಂಬತ್ತು, ಅದಕ್ಕೂ ದೊಡ್ಡ ತೆಳುದರ್ಪಣಗಳಿಗೆ ಹದಿನೆಂಟು ಬಿಂದುಗಳನ್ನು ತಕ್ಕಡಿಯಂತೆ ತೂಗಾಡುವ ತ್ರಿಕೋಣಗಳ ಮೇಲೆ ಜೋಡಿಸುವುದು ವಾಡಿಕೆ.

ಇನ್ನು ಚಲನೆಯ ವಿಚಾರ. ದೂರದರ್ಶಕವನ್ನು ಬೆರಳಿನಿಂದ ನೂಕಿದಾಗ ಅದು ಜಗ್ಗದೆ ನಿಂತು, ಮತ್ತಷ್ಟು ನೂಕಿದೊಡನೆ ಧಿಡೀರನೆ ನೆಗೆದರೆ ಗ್ರಹವು ದೃಷ್ಟಿಯಿಂದ ಮಾಯವಾಗುತ್ತದೆ. ನಿಂತ ವಸ್ತುವಿನ ಘರ್ಷಣೆಯು ಚಲಿಸುವ ವಸ್ತುವಿನ ಘರ್ಷಣೆಗಿಂತ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಟೆಫ್ಲಾನಿನಲ್ಲಿ ಈ ಎರಡರ ಅಂತರ ಬಹಳ ಕಡಿಮೆ. ಅದು ಉಜ್ಜುವ ಮೈ ತೀರ ನುಣುಪಾಗಿರದೆ, ಸಣ್ಣ ಉಬ್ಬುತಗ್ಗುಗಳುಳ್ಳ ಸನ್‌ಮೈಕಾ ಹಾಳೆಯಾಗಿದ್ದರೆ ಇನ್ನೂ ಉತ್ತಮ. ಟೆಫ್ಲಾನಿನ ಮೇಲೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರ ಬೀಳುವಂತೆ ತುಂಡುಗಳನ್ನು ಕತ್ತರಿಸಬೇಕೆಂಬುದು ಅನುಭವಸಿದ್ಧವಾದ ನಿಯಮ. ಕೊಳವೆ, ಪೆಟ್ಟಿಗೆಗಳೆಲ್ಲ ಸೇರಿ 24 ಕಿಲೋಗ್ರಾಂ ತೂಗಿದರೆ, ಬುಡದ ಮೂರು ತುಂಡುಗಳೂ ತಲಾ ಎಂಟು ಚದರ ಸೆಂಟಿಮೀಟರ್ ಇರತಕ್ಕದ್ದು. ಅವು ಬುಡದ ಹಲಗೆಯ ಮೂರು ಕಾಲುಗಳ ನೇರಕ್ಕೇ ಇರಬೇಕು. ಇಲ್ಲವಾದರೆ ಹಲಗೆ ಬಳುಕುತ್ತದೆ. ಎಣ್ಣೆ, ಗ್ರೀಸುಗಳ ಗೊಡವೆ ಬೇಡ. ಅವು ಧೂಳನ್ನು ಕರೆತರುತ್ತವೆ. ಅನೇಕ ವೇಳೆ ದೋಷವಿರುವುದು ನಡುವಿನ ಬೋಲ್ಟಿನಲ್ಲಿ. ಅದನ್ನು ಸ್ವಲ್ಪ ಸಡಿಲಿಸಿದ ಮಾತ್ರಕ್ಕೆ ಮೊಂಡಾಗಿದ್ದ ಯಂತ್ರವು ವಿಧೇಯವಾಗುತ್ತದೆ. ಪಕ್ಕದ ಚಿಕ್ಕ ತಿರುಗಣೆಗಳನ್ನು ತೆಗೆದು ಪ್ಲೈವುಡ್ಡಿನ ದೊಡ್ಡ ಅರ್ಧವೃತ್ತಗಳನ್ನು ಕೂಡಿಸಿದರೆ, ಭಾರವಾದ ನೇತ್ರಮಸೂರವನ್ನು ಹಾಕಿದಾಗಲೂ ಕೊಳವೆ ಮೂಗುಮುಗ್ಗರಿಸುವುದಿಲ್ಲ.

ಬಿಸಿಲಿನ ನಾಡಿನಲ್ಲಿ ಮರೆಯಬಾರದ ಶತ್ರುವೆಂದರೆ ಉಷ್ಣ. ಹಗಲೆಲ್ಲ ಬೆಚ್ಚಗಿನ ಕೋಣೆಯಲ್ಲಿದ್ದ ಗಾಜು ಹೊರಗಿನ ತಂಪಿಗೆ ಬಂದರೆ, ಅದರ ಮೈಮೇಲೆ ಬಿಸಿಗಾಳಿಯ ತೆಳುಪದರವು ಕುದಿಯುತ್ತಿರುತ್ತದೆ. ಕಾದ ರಸ್ತೆಯ ಮೇಲಿನ ದೃಶ್ಯದಂತೆ ಶನಿಯ ಬಳೆಗಳು ನಡುಗುತ್ತವೆ. ಬಯಲುಸೀಮೆಯ ಚಳಿಗಾಲದ ರಾತ್ರಿಗಳಲ್ಲಿ ಇದು ಹೆಚ್ಚು. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಅಂಗಳದಲ್ಲಿಡುವುದು ಒಂದು ಉಪಾಯ. ಕಂಪ್ಯೂಟರುಗಳಲ್ಲಿರುವಂತಹ 12 ವೋಲ್ಟಿನ ಪುಟ್ಟ ಫ್ಯಾನನ್ನು ದರ್ಪಣದ ಹಿಂದೆ ರಬ್ಬರ್ ಪಟ್ಟಿಗಳಲ್ಲಿ ತೂಗುಹಾಕುವುದು ಇನ್ನೊಂದು. ತಿರುಪಿನಿಂದ ನೇರವಾಗಿ ಬಿಗಿದರೆ ಫ್ಯಾನಿನ ಕಂಪನ ಬಿಂಬಕ್ಕೂ ತಗಲುತ್ತದೆ.

ನೇತ್ರಮಸೂರದ ಎದುರಿನ ಕೊಳವೆಯ ಒಳಮೈಗೆ ದರ್ಜಿಯ ಬಳಿ ದೊರೆಯುವ ಕಪ್ಪು ಮಕಮಲ್ಲಿನ ಚೂರನ್ನು ಅಂಟಿಸಿದರೆ ಬೀದಿದೀಪದ ಬೆಳಕು ಒಳನುಸುಳದು. ಬುಡದ ಹಲಗೆಯ ಅಂಚಿಗೆ ಡಿಗ್ರಿಗಳ ಪಟ್ಟಿಯನ್ನೂ ಅಂಟಿಸಬಹುದು. ಹಲಗೆ 46 ಸೆಂಟಿಮೀಟರ್ ವ್ಯಾಸದ್ದಾದರೆ ಒಂದು ಡಿಗ್ರಿಗೆ ನಾಲ್ಕು ಮಿಲಿಮೀಟರ್ ಬರುತ್ತದೆ.

ಯಂತ್ರವನ್ನು ಆಕಾಶದೊಡನೆ ತಾನಾಗಿಯೇ ತಿರುಗುವಂತೆ ಮಾಡಬೇಕೆಂಬ ಆಸೆ ಅನೇಕರಿಗೆ ಹುಟ್ಟುತ್ತದೆ. ಭೂಮಿಯ ಭ್ರಮಣದಿಂದಾಗಿ, 200 ಪಟ್ಟು ವರ್ಧನೆಯಲ್ಲಿ ಗ್ರಹವೊಂದು ಸಾಮಾನ್ಯ ನೇತ್ರಮಸೂರದ ದೃಷ್ಟಿಕ್ಷೇತ್ರವನ್ನು ಒಂದೇ ನಿಮಿಷದಲ್ಲಿ ದಾಟಿಹೋಗುವುದು ನಿಜ. ಇದಕ್ಕೆಂದು ಆಡ್ರಿಯನ್ ಪಾನ್ಸೆ ಎಂಬವರು 1977ರಲ್ಲಿ ಪ್ರಕಟಿಸಿದ ಓರೆಪೀಠವೊಂದಿದೆ; ಅದರ ಮೇಲೆ ದೂರದರ್ಶಕವನ್ನಿಟ್ಟರೆ ಒಂದು ಗಂಟೆಯವರೆಗೆ ಆಕಾಶವನ್ನು ಅನುಸರಿಸುತ್ತದೆ. ಆದರೆ ಪಾಶ್ಚಾತ್ಯರ ನಕ್ಷೆಗಳು 40 ಡಿಗ್ರಿ ಅಕ್ಷಾಂಶಕ್ಕೆ ಒಪ್ಪುವಂತಹವು. ಕರ್ನಾಟಕದ ಅಕ್ಷಾಂಶ ಸುಮಾರು 12ರಿಂದ 18 ಡಿಗ್ರಿ. ಇಲ್ಲಿ ಭೂಅಕ್ಷವು ಬಹುತೇಕ ನೆಲಕ್ಕೆ ಸಮಾಂತರವಾದುದರಿಂದ ಪೀಠವು ತಿರುಗುವ ಬದಲು ತೊಟ್ಟಿಲಿನಂತೆ ಪಕ್ಕಕ್ಕೆ ವಾಲುತ್ತದೆ. ಎತ್ತರದ ಯಂತ್ರವನ್ನು ಅದರ ಮೇಲಿಡುವುದು ಜಾಣತನವಲ್ಲ. ಮಕ್ಕಳು ಸಾಲಾಗಿ ನಿಂತು ನೋಡುವ ಶಾಲೆಯಲ್ಲಂತೂ ಕೈಯಿಂದ ನೂಕುವುದೇ ಲೇಸು. ನೂಕಿದ ಹುಡುಗನಿಗೆ ಭೂಮಿ ತಿರುಗುವುದು ಬೆರಳಿಗೇ ತಿಳಿಯುತ್ತದೆ.

ಇಲ್ಲಿಯ ಅಕ್ಷಾಂಶದಿಂದ ಮತ್ತೊಂದು ತೊಡಕೂ ಉಂಟು. ಗ್ರಹಗಳು ಆಗಾಗ್ಗೆ ನೆತ್ತಿಯ ಸಮೀಪದಲ್ಲಿಯೇ ಹಾದುಹೋಗುತ್ತವೆ. ಡಾಬ್ಸನ್ ಪೀಠಕ್ಕೆ ನೆತ್ತಿಯೇ ಅತ್ಯಂತ ಕಷ್ಟದ ಜಾಗ. ಅಲ್ಲಿ ಕೂದಲೆಳೆಯಷ್ಟು ಸರಿಸಲು ಇಡೀ ಪೆಟ್ಟಿಗೆಯನ್ನು ಗಿರ್ರನೆ ಸುತ್ತಿಸಬೇಕಾಗುತ್ತದೆ. ಇದಕ್ಕೆ ಯಂತ್ರದಲ್ಲಿ ಮದ್ದಿಲ್ಲ. ಒಂದೆರಡು ಗಂಟೆ ಮೊದಲು ಅಥವಾ ಆಮೇಲೆ ನೋಡಿದರೆ ಗ್ರಹವು ನೆತ್ತಿಯಿಂದ ಗಂಟೆಗೆ ಸುಮಾರು 15 ಡಿಗ್ರಿಯಂತೆ ದೂರವಿರುತ್ತದೆ.

ಕೊನೆಯದಾಗಿ ದರ್ಪಣ ತೊಳೆಯುವ ಮಾತು. ಧೂಳು ಕಂಡೊಡನೆ ಬಟ್ಟೆಯಿಂದ ಒರೆಸಿ ಲೇಪನವನ್ನು ಗೀರುವುದು ಸರಿಪಡಿಸಲಾಗದ ತಪ್ಪು. ತೆಳುವಾದ ಧೂಳಿನಿಂದ ಬಿಂಬಕ್ಕೆ ಹೆಚ್ಚಿನ ಹಾನಿಯಿಲ್ಲ. ತೀರ ಅವಶ್ಯವಾದಾಗ ಮಾತ್ರ ಹರಿಯುವ ನೀರಿನಲ್ಲಿ ಧೂಳನ್ನು ಕಳೆದು, ಸೌಮ್ಯವಾದ ಸಾಬೂನುನೀರಿನಲ್ಲಿ ನೆನೆಸಿ, ನೆನೆದ ಹತ್ತಿಯನ್ನು ಒತ್ತದೆ ಅದರ ಸ್ವಂತ ಭಾರದಿಂದಲೇ ಎಳೆದು, ಬಟ್ಟಿಯಿಳಿಸಿದ ನೀರಿನಿಂದ ತೊಳೆದು, ಓರೆಯಾಗಿ ನಿಲ್ಲಿಸಿ ಒಣಗಿಸಬೇಕು. ಮತ್ತೆ ಕೂರಿಸಿದ ಬಳಿಕ ಅಕ್ಷವನ್ನು ಹೊಂದಿಸಿ ನಕ್ಷತ್ರದ ಮೇಲೆ ಪರೀಕ್ಷಿಸತಕ್ಕದ್ದು. ಇದಕ್ಕೆ ಪುಸ್ತಕಗಳು ಹೇಳುವ ಧ್ರುವನಕ್ಷತ್ರವು ಇಲ್ಲಿ ದಿಗಂತಕ್ಕೆ ತೀರ ಸಮೀಪವಿದ್ದು ಗಾಳಿಯಲ್ಲಿ ತುಯ್ದಾಡುತ್ತದೆ. ಎತ್ತರದಲ್ಲಿರುವ ಬೇರೊಂದು ನಕ್ಷತ್ರವನ್ನು ಆರಿಸಿಕೊಳ್ಳಬೇಕು. ನೇತ್ರಮಸೂರವನ್ನು ತುಸು ಹೊರಗೆಳೆದಾಗ ನಕ್ಷತ್ರವು ಉಂಗುರಗಳಾಗಿ ಅರಳಿ, ಅವುಗಳ ನಡುವಿನ ಕಪ್ಪು ಚುಕ್ಕೆ ಸರಿಯಾಗಿ ಮಧ್ಯದಲ್ಲಿ ನಿಂತರೆ ಕೆಲಸ ಸರಿಯಾಗಿದೆಯೆಂದು ತಿಳಿದು ಶನಿಯ ಕಡೆಗೆ ತಿರುಗಿಸಬಹುದು.