ಕೌಶಿಕನ ಸತ್ಯ, ಪಾರ್ಥನ ಪ್ರತಿಜ್ಞೆ

ವಿಜಯದಶಮಿಯಂದು ಬನ್ನಿಯ ವೃಕ್ಷವನ್ನು ಪೂಜಿಸುವಾಗ ಅರ್ಜುನನ ಗಾಂಡೀವವನ್ನು ಸ್ಮರಿಸದವರು ವಿರಳ. ಅಜ್ಞಾತವಾಸಕ್ಕೆ ಮುನ್ನ ಪಾಂಡವರು ಆಯುಧಗಳನ್ನು ಬಚ್ಚಿಟ್ಟದ್ದು ಆ ಮರದಲ್ಲಿಯೇ. ಅದೇ ಗಾಂಡೀವದ ನಿಮಿತ್ತ ಅರ್ಜುನನು ಅಣ್ಣನ ಮೇಲೆಯೇ ಖಡ್ಗವನ್ನು ಹಿರಿದ ಪ್ರಸಂಗವೊಂದು ಕರ್ಣಪರ್ವದಲ್ಲಿದೆ. ಧರ್ಮಸಂಕಟದ ಸ್ವರೂಪವನ್ನು ಅರಿಯಲು ಅದಕ್ಕಿಂತ ಮಿಗಿಲಾದ ಪಾಠ ದೊರೆಯದು.

ಯುದ್ಧದ 17ನೆಯ ದಿನ. ಕರ್ಣನ ಬಾಣಗಳಿಂದ ಜರ್ಜರಿತನಾದ ಧರ್ಮರಾಯನು ಶಿಬಿರಕ್ಕೆ ಮರಳಿದ್ದಾನೆ. ನೋಡಲು ಬಂದ ತಮ್ಮನು ಕರ್ಣನನ್ನು ಇನ್ನೂ ಕೊಂದಿಲ್ಲವೆಂದು ತಿಳಿದೊಡನೆ, ಗಾಂಡೀವವನ್ನು ಬೇರೊಬ್ಬನಿಗೆ ಕೊಟ್ಟುಬಿಡೆಂದು ಹಳಿಯುತ್ತಾನೆ. ಹಾಗೆಂದವನ ಶಿರವನ್ನು ಕಡಿಯುವೆನೆಂಬುದು ಅರ್ಜುನನ ಗುಪ್ತವ್ರತ. ವ್ರತವನ್ನು ಪಾಲಿಸಿದರೆ ಭ್ರಾತೃಹತ್ಯೆ, ಬಿಟ್ಟರೆ ವಚನಭಂಗ.

ಆಗ ಶ್ರೀಕೃಷ್ಣನು ಎರಡು ಕಥೆಗಳನ್ನು ಹೇಳುತ್ತಾನೆ. ಬಲಾಕನೆಂಬ ಬೇಡನು ಕುರುಡು ಮೃಗವೊಂದನ್ನು ಕೊಂದ; ಅದು ಸಕಲ ಪ್ರಾಣಿಗಳ ನಾಶಕ್ಕೆ ಹೊರಟಿದ್ದುದರಿಂದ ಅವನಿಗೆ ಸ್ವರ್ಗ ದೊರೆಯಿತು. ಸತ್ಯವ್ರತಿಯಾದ ಕೌಶಿಕನು, ದಸ್ಯುಗಳಿಗೆ ಹೆದರಿ ಕಾಡು ಹೊಕ್ಕವರ ದಾರಿಯನ್ನು ಆ ದಸ್ಯುಗಳಿಗೇ ತೋರಿಸಿದ. ಅವರು ಹತರಾದರು, ಕೌಶಿಕನು ನರಕಕ್ಕಿಳಿದ.

ಸೋಜಿಗವೆಂದರೆ, ಇದೇ ಪ್ರಶ್ನೆಯು 1797ರಲ್ಲಿ ಯೂರೋಪಿನಲ್ಲೂ ಎದ್ದಿತು. ಕೊಲೆಗಾರನು ಬಾಗಿಲಿಗೆ ಬಂದು, ಮನೆಯಲ್ಲಿ ಅಡಗಿರುವ ಮಿತ್ರನನ್ನು ಕುರಿತು ಕೇಳಿದರೂ ಸುಳ್ಳಾಡಲಾಗದೆಂದು ಜರ್ಮನಿಯ ಕಾಂಟ್, ಬೆಂಜಮಿನ್ ಕಾನ್‌ಸ್ಟಂಟನಿಗೆ ಉತ್ತರವಿತ್ತನು. ಕರ್ತವ್ಯವೇ ಪ್ರಧಾನವೆಂಬ ಪಕ್ಷವಿದು. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮಿತ್ರನು ಅಷ್ಟರಲ್ಲಿ ಹೊರಗೆ ನುಸುಳಿದ್ದು, ನಿಮ್ಮ ಸುಳ್ಳನ್ನು ನಂಬಿ ಹೊರನಡೆದ ಕೊಲೆಗಾರನ ಕೈಗೇ ಸಿಕ್ಕಿದರೆ ಹೊಣೆ ಯಾರದು ಎಂಬ ಅವನ ಪ್ರಶ್ನೆ ತೀಕ್ಷ್ಣವಾದುದು. ಫಲವನ್ನೇ ಪ್ರಮಾಣವಾಗಿ ಹಿಡಿದ ಮಿಲ್ ಮಹಾಶಯನು 1861ರಲ್ಲಿ, ದುಷ್ಟನಿಂದ ವಿಷಯವನ್ನು ಮರೆಮಾಚಿ ಇನ್ನೊಬ್ಬನನ್ನು ಉಳಿಸುವುದನ್ನು ಸತ್ಯನಿಯಮದ ಅಪವಾದವೆಂದು ಒಪ್ಪಿದನು. ಗ್ರೀಸಿನ ಅರಿಸ್ಟಾಟಲನ ದಾರಿಯೇ ಬೇರೆ. ಅವನಿಗೆ ಸದ್ಗುಣ ಮುಖ್ಯ, ಅದಕ್ಕೆ ಕಣ್ಣು ವ್ಯವಹಾರವಿವೇಕ. ಕೌಶಿಕನಲ್ಲಿ ಕೊರತೆಯಾದುದು ಆ ಕಣ್ಣೇ.

ಹಾಗಾದರೆ ಕೃಷ್ಣನು ಫಲವಾದಿಯೇ? ಪೂರ್ಣವಾಗಿ ಅಲ್ಲ. ಧರ್ಮವು ಪ್ರಜೆಗಳನ್ನು ಧರಿಸುವಂಥದು ಎನ್ನುವ ಅವನು, ಮೌನದಿಂದಲೇ ಪಾರಾಗುವುದಾದರೆ ಮೌನವಿರಬೇಕು, ಮೌನವೂ ಸಂಶಯಕ್ಕೆ ಎಡೆಗೊಡುವಲ್ಲಿ ಮಾತ್ರ ಅನೃತವು ಲೇಸು ಎಂದು ಮಿತಿ ಹಾಕುತ್ತಾನೆ. ಅರ್ಜುನನ ಪ್ರತಿಜ್ಞೆಯನ್ನೂ ಅವನು ಮುರಿಯಗೊಡಲಿಲ್ಲ. ಪೂಜ್ಯನನ್ನು ‘ನೀನು’ ಎಂದು ಜರೆಯುವುದೇ ಅವನ ವಧೆಗೆ ಸಮವೆಂದನು. (ಹಿರಿಯರನ್ನು ಏಕವಚನದಲ್ಲಿ ಕರೆಯಲು ಇಂದಿಗೂ ನಾಲಿಗೆ ತಡವರಿಸುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಅರ್ಜುನನು ಹಾಗೆಯೇ ಜರೆದು, ಬಳಿಕ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಲು ಮುಂದಾದಾಗ, ಆತ್ಮಪ್ರಶಂಸೆಯೇ ಆತ್ಮವಧೆ ಎಂದು ಮತ್ತೊಂದು ಉಪಾಯ ದೊರೆಯಿತು. ಕೇವಲ ಜಾಣ್ಮೆಯೆಂದು ಕೆಲವರಿಗೆ ತೋರಬಹುದು. ಆದರೆ ಅಂದು ಅಣ್ಣತಮ್ಮಂದಿರಿಬ್ಬರೂ ಉಳಿದರು, ವ್ರತವೂ ಉಳಿಯಿತು.

ಕೌಶಿಕನ ಕಥೆಯನ್ನು ಹಿಡಿದು ಅನುಕೂಲದ ಸುಳ್ಳಿಗೆಲ್ಲ ಸಮರ್ಥನೆ ಹುಡುಕುವವರು ಇದಕ್ಕೆ ಎರಡು ದಿನ ಹಿಂದಿನ ಪ್ರಸಂಗವನ್ನೂ ಓದಬೇಕು. ದ್ರೋಣನ ವಧೆಗಾಗಿ ಅಶ್ವತ್ಥಾಮನು ಸತ್ತನೆಂದು ಧರ್ಮರಾಯನು ನುಡಿದುದು ಇದೇ ಕೃಷ್ಣನ ಪ್ರೇರಣೆಯಿಂದ. ಅಲ್ಲಿಯ ಸುಳ್ಳು ಪ್ರಾಣ ಉಳಿಸುವುದಕ್ಕೆ ಮಾತ್ರವಲ್ಲ, ತೆಗೆಯುವುದಕ್ಕೂ ಆಗಿತ್ತು. ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲಿರುತ್ತಿದ್ದ ಅವನ ರಥದ ಕುದುರೆಗಳು, ಆ ಮಾತಿನೊಡನೆ ನೆಲವನ್ನು ಮುಟ್ಟಿದವು.