ಪ್ರತಿರೂಪದ ಮುಖಾಮುಖಿ: ‘ಒಡಕಲು ಬಿಂಬ’ದಲ್ಲಿ ಎರಡು ಲೋಕ, ಎರಡು ಭಾಷೆ

ತನ್ನಂತೆಯೇ ಇರುವ ಇನ್ನೊಂದು ವ್ಯಕ್ತಿಯನ್ನು ಮನುಷ್ಯನು ಎದುರುಗೊಳ್ಳುವ ಸಂದರ್ಭವು ಭಾರತೀಯ ಕಥನಪರಂಪರೆಗೆ ಹೊಸದಲ್ಲ. ಸೂರ್ಯನ ತೇಜಸ್ಸನ್ನು ತಾಳಲಾರದ ಸಂಜ್ಞೆಯು ತನ್ನ ನೆರಳಾದ ಛಾಯೆಯನ್ನು ಮನೆಯಲ್ಲಿರಿಸಿ ಹೊರಟುಹೋದ ಪುರಾಣಕಥೆಯಲ್ಲಿಯೇ ಈ ಆಶಯವು ಕಾಣಿಸಿಕೊಂಡಿದೆ. ಇಪ್ಪತ್ತನೆಯ ಶತಮಾನದ ವಿಜ್ಞಾನಕಥನವು ಈ ಹಳೆಯ ಆಶಯಕ್ಕೆ ಸಮಾನಾಂತರ ವಿಶ್ವವೆಂಬ ಹೊಸ ಕಾರಣವೊಂದನ್ನು ಒದಗಿಸಿತು. ವಿಜ್ಞಾನಕಥನದಲ್ಲಿ ಪ್ರತಿರೂಪದ ಭೇಟಿಯು ಪಡೆದ ಸ್ವರೂಪವನ್ನು ಗುರುತಿಸಿ, ಅದಕ್ಕೆ ಸಮೀಪವಾದ ಸನ್ನಿವೇಶವನ್ನು ಗಿರೀಶ ಕಾರ್ನಾಡರ (1938–2019) ‘ಒಡಕಲು ಬಿಂಬ’ ನಾಟಕವು ಹೇಗೆ ಬೇರೆಯಾಗಿ ನಿರ್ವಹಿಸುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಕಿರುತೆರೆಯ ಪ್ರತಿರೂಪಗಳು

1957ರಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಎವರೆಟ್ ಕ್ವಾಂಟಂ ಸಿದ್ಧಾಂತಕ್ಕೆ ಹೊಸ ವ್ಯಾಖ್ಯಾನವೊಂದನ್ನು ಮಂಡಿಸಿದನು. ಒಂದು ಮಾಪನಕ್ಕೆ ಸಾಧ್ಯವಿರುವ ಫಲಿತಗಳೆಲ್ಲವೂ ಬೇರೆ ಬೇರೆ ಕವಲುಗಳಲ್ಲಿ ನಿಜವಾಗುತ್ತವೆ ಎಂಬುದು ಅದರ ಸಾರ. ಮುಂದೆ ಇದು ‘ಬಹುವಿಶ್ವ’ ವ್ಯಾಖ್ಯಾನವೆಂದು ಹೆಸರಾಯಿತು. ಈ ವ್ಯಾಖ್ಯಾನದಂತೆ ಬೇರ್ಪಟ್ಟ ಕವಲುಗಳು ಪರಸ್ಪರ ಸಂಪರ್ಕಿಸಲಾರವು. ಆದ್ದರಿಂದ ಪ್ರತಿರೂಪಗಳ ಭೇಟಿಯು ವಿಜ್ಞಾನದ ಕೊಡುಗೆಯಲ್ಲ, ಕಥನದ ಸೃಷ್ಟಿ ಎಂಬುದನ್ನು ಗಮನಿಸಬೇಕು.

‘ದ ಟ್ವಿಲೈಟ್ ಝೋನ್’ ಸರಣಿಯ ‘ಮಿರರ್ ಇಮೇಜ್’ (1960) ಎಂಬ ಕಂತು ಇದಕ್ಕೆ ಒಳ್ಳೆಯ ನಿದರ್ಶನ. ರಾಡ್ ಸರ್ಲಿಂಗ್ ಬರೆದ ಈ ಕಂತಿನಲ್ಲಿ ಮಿಲಿಸೆಂಟ್ ಬಾರ್ನ್ಸ್ ಎಂಬ ಯುವತಿಯು ರಾತ್ರಿಯ ಬಸ್ ನಿಲ್ದಾಣವೊಂದರಲ್ಲಿ ತನ್ನನ್ನೇ ಹೋಲುವ ಹೆಣ್ಣನ್ನು ಕಾಣುತ್ತಾಳೆ. ಇನ್ನೊಂದು ಲೋಕದಿಂದ ಬಂದ ಪ್ರತಿರೂಪವು ಬದುಕುಳಿಯಬೇಕಾದರೆ ಈ ಲೋಕದವಳನ್ನು ಹೊರದೂಡಿ ಅವಳ ಸ್ಥಾನವನ್ನು ಆಕ್ರಮಿಸಲೇಬೇಕು ಎಂದು ಅವಳು ಊಹಿಸುತ್ತಾಳೆ. ಕೇಳಿದವರು ಅವಳಿಗೆ ಬುದ್ಧಿಭ್ರಮಣೆಯೆಂದು ಭಾವಿಸುತ್ತಾರೆ. 2017ರಿಂದ 2019ರವರೆಗೆ ಪ್ರಸಾರವಾದ ‘ಕೌಂಟರ್‌ಪಾರ್ಟ್’ ಸರಣಿಯಲ್ಲಿ ಬರ್ಲಿನ್ ನಗರದ ಸೌಮ್ಯ ಸ್ವಭಾವದ ನೌಕರನೊಬ್ಬನು ಇನ್ನೊಂದು ಲೋಕದ ತನ್ನ ಕಠೋರ ಪ್ರತಿರೂಪವನ್ನು ಸಂಧಿಸುತ್ತಾನೆ. ಮೊದಲನೆಯದರಲ್ಲಿ ಪ್ರತಿರೂಪವು ಸ್ಥಾನವನ್ನು ಕಸಿಯಲು ಬಂದ ಪರಕೀಯಳು. ಎರಡನೆಯದರಲ್ಲಿ ಅದು ಬೇರೊಂದು ಪರಿಸ್ಥಿತಿಯಲ್ಲಿ ತಾನು ಏನಾಗಬಹುದಾಗಿತ್ತು ಎಂಬುದರ ಸಾಕ್ಷಿ. ಎರಡರಲ್ಲಿಯೂ ಅದು ಬರುವುದು ಹೊರಗಿನಿಂದ.

2. ಸ್ಟುಡಿಯೋದಲ್ಲಿ ಎದುರಾದ ಬಿಂಬ

ಪ್ರತಿರೂಪವು ಕಾರ್ನಾಡರಿಗೆ ಆಪ್ತವಾದ ವಸ್ತು. ‘ನಾಗಮಂಡಲ’ದಲ್ಲಿ (1988) ನಾಗನು ಗಂಡನ ರೂಪವನ್ನು ತಳೆದು ರಾಣಿಯ ಬಳಿಗೆ ಬರುತ್ತಾನೆ. ಅಲ್ಲಿ ಜಾನಪದ ಕಥೆಯು ಮಾಡಿದ ಕೆಲಸವನ್ನು ‘ಒಡಕಲು ಬಿಂಬ’ದಲ್ಲಿ ದೂರದರ್ಶನ ತಂತ್ರಜ್ಞಾನವು ಮಾಡುತ್ತದೆ. ಈ ನಾಟಕವು 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಕಾರ್ನಾಡ ಮತ್ತು ಕೆ.ಎಂ. ಚೈತನ್ಯ ಅವರ ನಿರ್ದೇಶನದಲ್ಲಿ ಪ್ರದರ್ಶನಗೊಂಡಿತು.

ಮಂಜುಳಾ ನಾಯಕ ಕನ್ನಡದ ಕಥೆಗಾರ್ತಿ, ಇಂಗ್ಲಿಷ್ ಅಧ್ಯಾಪಕಿ. ಅವಳ ಹೆಸರಿನಲ್ಲಿ ಪ್ರಕಟವಾದ ಇಂಗ್ಲಿಷ್ ಕಾದಂಬರಿಯು ಅಪಾರ ಯಶಸ್ಸನ್ನು ಗಳಿಸಿದೆ. ಅದನ್ನು ಆಧರಿಸಿದ ಚಿತ್ರಕ್ಕೆ ಮುನ್ನುಡಿಯಾಗಿ ಅವಳು ಸ್ಟುಡಿಯೋದಲ್ಲಿ ವೀಕ್ಷಕರನ್ನುದ್ದೇಶಿಸಿ ಮಾತನಾಡುತ್ತಾಳೆ. ಭಾಷಣ ಮುಗಿದು ಹೊರಡಲನುವಾದಾಗ ಪರದೆಯ ಮೇಲಿನ ಅವಳದೇ ಬಿಂಬವು ಉಳಿದು ಅವಳನ್ನು ಪ್ರಶ್ನಿಸತೊಡಗುತ್ತದೆ. ಆ ಪ್ರಶ್ನೋತ್ತರದಲ್ಲಿ ಗಾಲಿಕುರ್ಚಿಗೆ ಬದ್ಧಳಾಗಿ ಬದುಕಿ ತೀರಿಕೊಂಡ ತಂಗಿ ಮಾಲಿನಿ, ಗಂಡ ಪ್ರಮೋದ, ಅವರಿಬ್ಬರ ನಡುವೆ ಬೆಳೆದ ಆತ್ಮೀಯತೆ ಇವೆಲ್ಲವೂ ಹೊರಬರುತ್ತವೆ. ಕೊನೆಗೆ ಕಾದಂಬರಿಯನ್ನು ಬರೆದವಳು ಮಾಲಿನಿಯೇ ಎಂಬ ಸತ್ಯವು ಬಯಲಾಗುತ್ತದೆ.

ಇಲ್ಲಿ ಬಿಂಬವು ಬೇರೊಂದು ವಿಶ್ವದಿಂದ ಬಂದುದಲ್ಲ. ಮಂಜುಳೆ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿದ್ದಳು ಎಂಬುದನ್ನು ಅದು ತೋರಿಸುವುದಿಲ್ಲ. ಹಿಡಿದ ದಾರಿಯಲ್ಲಿ ಮುಚ್ಚಿಟ್ಟುದನ್ನು ತೋರಿಸುತ್ತದೆ. ವಿಜ್ಞಾನಕಥನದ ನಾಯಕಿಯು ತನ್ನ ಪ್ರತಿರೂಪವನ್ನು ‘ಅವಳು ನಾನಲ್ಲ’ ಎಂದು ನಿರಾಕರಿಸಬಹುದು. ಮಂಜುಳೆಗೆ ಆ ಅವಕಾಶವಿಲ್ಲ. ಕೆಲವೇ ನಿಮಿಷಗಳ ಹಿಂದೆ ಆ ಬಿಂಬವನ್ನು ಜಗತ್ತಿಗೆ ಒಪ್ಪಿಸಿದವಳು ಅವಳೇ.

3. ಕಾಯುವ ದೇಹ, ಕಾಯದ ಬಿಂಬ

ಈ ವ್ಯತ್ಯಾಸವು ರಂಗತಂತ್ರದಲ್ಲಿಯೂ ವ್ಯಕ್ತವಾಗಿದೆ. ಕಿರುತೆರೆಯ ಕಂತುಗಳಲ್ಲಿ ಒಬ್ಬರೇ ನಟರು ಎರಡೂ ಪಾತ್ರಗಳನ್ನು ಬೇರೆ ಬೇರೆಯಾಗಿ ಅಭಿನಯಿಸಿ, ಬಳಿಕ ಎರಡು ಚಿತ್ರಿಕೆಗಳನ್ನು ಒಂದುಗೂಡಿಸಲಾಗುತ್ತದೆ. ಪ್ರೇಕ್ಷಕನ ಪಾಲಿಗೆ ಎರಡೂ ಬಿಂಬಗಳೇ, ಎರಡೂ ಸಮಾನ. ರಂಗಭೂಮಿಯಲ್ಲಿ ಹಾಗಲ್ಲ: ಒಂದು ಜೀವಂತ ದೇಹ, ಇನ್ನೊಂದು ಮೊದಲೇ ಮುದ್ರಿತವಾದ ಚಿತ್ರ. ಮುದ್ರಿತ ಬಿಂಬವು ನಟಿಗಾಗಿ ಕಾಯಲಾರದು, ಮಾತನ್ನು ಬದಲಿಸಲಾರದು. ನಟಿಯೇ ಅದರ ವೇಗಕ್ಕೆ ತನ್ನ ಉಸಿರನ್ನೂ ಮಾತನ್ನೂ ಹೊಂದಿಸಬೇಕು. ಪ್ರಶ್ನಿಸುವ ಅಧಿಕಾರವು ಬಿಂಬದ್ದು, ಉತ್ತರಿಸುವ ಹೊಣೆಯು ದೇಹದ್ದು ಎಂಬ ನಾಟಕದ ಅರ್ಥವು ಪ್ರದರ್ಶನದ ಯಂತ್ರವ್ಯವಸ್ಥೆಯಿಂದಲೇ ಮೂಡುತ್ತದೆ.

4. ಭಾಷಾದ್ರೋಹದ ಮರೆ

ನಾಟಕದಲ್ಲಿ ಸಮಾನಾಂತರ ಲೋಕಗಳೆಂದು ಕರೆಯಬಹುದಾದವು ಎರಡು ಭಾಷೆಗಳು. ಕನ್ನಡದ ಲೇಖಕಿಯು ಇಂಗ್ಲಿಷಿನಲ್ಲಿ ಬರೆದದ್ದೇಕೆ ಎಂಬ ಆಕ್ಷೇಪಕ್ಕೆ ಮಂಜುಳೆ ತನ್ನ ಭಾಷಣದಲ್ಲಿ ಸಿದ್ಧವಾದ ಉತ್ತರವನ್ನು ಕೊಡುತ್ತಾಳೆ. ಈ ಆಕ್ಷೇಪವು ಕನ್ನಡ ಸಾಹಿತ್ಯವಲಯದಲ್ಲಿ ನಿಜವಾಗಿ ಚರ್ಚಿತವಾದ ವಿಷಯವಾಗಿರುವುದರಿಂದ ಪ್ರೇಕ್ಷಕನು ನಾಟಕವನ್ನು ಭಾಷಾವಿವಾದದ ನಾಟಕವೆಂದೇ ಮೊದಲು ಗ್ರಹಿಸುತ್ತಾನೆ. ಆದರೆ ಬಿಂಬದ ವಿಚಾರಣೆಯು ಮುಂದುವರಿದಂತೆ ಆ ವಿವಾದವೇ ಅವಳಿಗೆ ಮರೆಯಾಗಿ ಒದಗಿದುದು ಸ್ಪಷ್ಟವಾಗುತ್ತದೆ. ಭಾಷೆಗೆ ಬಗೆದ ದ್ರೋಹದ ಆರೋಪವನ್ನು ಅವಳು ಧೈರ್ಯದಿಂದ ಎದುರಿಸಬಲ್ಲಳು, ಏಕೆಂದರೆ ಆ ಅಪರಾಧವನ್ನು ಅವಳು ಮಾಡಿಯೇ ಇಲ್ಲ. ಅವಳು ಇಂಗ್ಲಿಷಿನಲ್ಲಿ ಕಾದಂಬರಿಯನ್ನು ಬರೆದವಳೇ ಅಲ್ಲ. ದ್ರೋಹವಾದುದು ಕನ್ನಡಕ್ಕಲ್ಲ, ಮಾತನ್ನು ಮರಳಿ ಕೇಳಲಾರದ ತಂಗಿಗೆ. ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಪ್ರಶ್ನೆಯ ಗದ್ದಲದಲ್ಲಿ ಬರೆದವರು ಯಾರು, ಯಾರ ನೋವು ಬರಹವಾಯಿತು ಎಂಬ ಪ್ರಶ್ನೆಗಳು ಮರೆಯಾಗಬಲ್ಲವೆಂಬುದನ್ನು ನಾಟಕವು ಹೀಗೆ ಸೂಚಿಸುತ್ತದೆ.

ಈ ನಾಟಕಕ್ಕೇ ಒಂದು ಪ್ರತಿರೂಪವಿರುವುದು ಗಮನಾರ್ಹ. ಕಾರ್ನಾಡರು ಇದನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ರಚಿಸಿದರು. ಕನ್ನಡ ಪ್ರದರ್ಶನದಲ್ಲಿ ಅರುಂಧತಿ ನಾಗ್, ಇಂಗ್ಲಿಷ್ ಪ್ರದರ್ಶನದಲ್ಲಿ ಅರುಂಧತಿ ರಾಜಾ ಅಭಿನಯಿಸಿದರು. ಇಂಗ್ಲಿಷ್ ಬರವಣಿಗೆಯ ಸಮರ್ಥನೆಯನ್ನು ಕನ್ನಡದಲ್ಲಿ ಕೇಳುವ ಪ್ರೇಕ್ಷಕನಿಗೆ ಅದರೊಳಗಿನ ವ್ಯಂಗ್ಯವು ಹೆಚ್ಚು ತೀಕ್ಷ್ಣವಾಗಿ ತಟ್ಟುತ್ತದೆ.

5. ಸಮಾರೋಪ

‘ಮಿರರ್ ಇಮೇಜ್’ ಕಂತಿನಲ್ಲಿ ಪ್ರತಿರೂಪವು ನಿಜವಾದವಳ ಸ್ಥಾನವನ್ನು ಕಸಿಯಲು ಬರುತ್ತದೆ. ‘ಒಡಕಲು ಬಿಂಬ’ದಲ್ಲಿ ನಿಜವಾದವಳೇ ಇನ್ನೊಬ್ಬಳ ಸ್ಥಾನವನ್ನು ಕಸಿದಿದ್ದಾಳೆ, ಬಿಂಬವು ಅದರ ಲೆಕ್ಕವನ್ನು ಕೇಳುತ್ತದೆ. ಕೊನೆಯಲ್ಲಿ ಬಿಂಬವು ತಾನೇ ಮಾಲಿನಿಯೆಂದು ಸಾರಿದಾಗ ಅಕ್ಕನ ಮುಖದಲ್ಲಿ ತಂಗಿಯು ಮಾತನಾಡುತ್ತಾಳೆ. ವಿಜ್ಞಾನಕಥನದಲ್ಲಿ ಪ್ರತಿರೂಪಗಳಲ್ಲಿ ಒಂದು ತನ್ನ ಲೋಕಕ್ಕೆ ಮರಳಿದರೆ ಸಮತೋಲವು ಮತ್ತೆ ಸ್ಥಾಪಿತವಾಗಬಹುದು. ಮಂಜುಳೆಯ ಬಿಂಬಕ್ಕೆ ಮರಳಲು ಬೇರೆ ಲೋಕವಿಲ್ಲ. ಆದಕಾರಣ ಈ ಭೇಟಿಯು ಕೌತುಕವಾಗಿ ಮುಗಿಯದೆ ನೈತಿಕ ವಿಚಾರಣೆಯಾಗಿ ಉಳಿಯುತ್ತದೆ. ಪ್ರತಿರೂಪದ ಆಶಯಕ್ಕೆ ಕನ್ನಡ ರಂಗಭೂಮಿಯು ಸಲ್ಲಿಸಿದ ವಿಶಿಷ್ಟ ಕೊಡುಗೆಯು ಇದೇ ಎನ್ನಬಹುದು.