ಬಿಸಿಲಲ್ಲಿ ಡಿಟೆಕ್ಟರ್ ಹಿಡಿದವರಿಗೆ

ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಉರಿಯಲ್ಲೇ ಗುಡಿ, ಆಸ್ಪತ್ರೆ, ಮಾಲ್‌ಗಳ ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಿಲ್ಲುವ ಸೆಕ್ಯುರಿಟಿ ಅಣ್ಣಂದಿರೇ, ಅಕ್ಕಂದಿರೇ, ನಿಮಗೊಂದು ಮಾತು.

ಆ ಯಂತ್ರದೊಳಗೆ ಇರುವುದು ತಾಮ್ರದ ತಂತಿಯ ಸುರುಳಿ. ಕಾದಂತೆ ತಾಮ್ರದ ರೋಧ ಏರುತ್ತದೆ, 10 ಡಿಗ್ರಿಗೆ ಸುಮಾರು ಶೇ. 4ರಷ್ಟು. ಇದರಿಂದ ನೆರಳಲ್ಲಿ ಸರಿಯಾಗಿದ್ದ ಯಂತ್ರ ಬಿಸಿಲಿಗೆ ಬಂದ ಮೇಲೆ ಸುಮ್ಮಸುಮ್ಮನೆ ಕೂಗಬಹುದು, ಕೂಗಬೇಕಾದಲ್ಲಿ ಸುಮ್ಮನಿದ್ದುಬಿಡಲೂಬಹುದು. ಇದು ಇನ್ನೂ ಅಪಾಯ. ಹಾಗಾಗಿ ಹೊರಗೆ ನಿಂತು ಹತ್ತು ನಿಮಿಷವಾದ ಮೇಲೆ ಜೇಬಿನ ಬೀಗದ ಕೈಯನ್ನು ಅದರ ಮುಂದೆ ಹಿಡಿದು ನೋಡಿ. ನಿನ್ನೆ ನಾಲ್ಕು ಬೆರಳು ದೂರಕ್ಕೇ ಕೂಗಿದ್ದು ಇವತ್ತು ಎರಡು ಬೆರಳಿಗೆ ಇಳಿದಿದ್ದರೆ ಬ್ಯಾಟರಿ ಬದಲಿಸಿ, ಮತ್ತೆ ಹೊಂದಿಸಿಕೊಳ್ಳಿ.

ಊಟಕ್ಕೆ ಹೋಗುವಾಗ ಅದನ್ನು ಬಿಸಿಲು ಬಿದ್ದ ಮೇಜಿನ ಮೇಲೆ ಬಿಡಬೇಡಿ. ನಿಲ್ಲಿಸಿದ ಕಾರಿನೊಳಗಂತೂ ಬೇಡವೇ ಬೇಡ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಚಾರ್ಜಿಗೆ ಹಾಕಿದರೆ ಬೇಗ ಹಾಳಾಗುತ್ತದೆ. ಮೊದಲು ನೆರಳಲ್ಲಿ ಆರಲಿ.

ಇನ್ನು ನಿಮ್ಮ ಮೈ. ಯಂತ್ರ ಹೋದರೆ ಇನ್ನೊಂದು ಬರುತ್ತದೆ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಆ ಕ್ಷಣವೇ ನೆರಳಿಗೆ ಹೋಗಿ. ಗೇಟಿನ ಬಳಿ ಒಂದು ದೊಡ್ಡ ಕೊಡೆ, ಒಂದು ಮಡಕೆ ನೀರು ಇಡಿಸಿಕೊಡಿ ಎಂದು ಮೇಲಿನವರನ್ನು ಕೇಳಿ, ಸಂಕೋಚಪಡಬೇಡಿ.